ಒಂದು ಅಕ್ಷರದ ಎರಡು ಹೆಸರು

ನಮ್ಮ ತುರುವೇಕೆರೆಯಲ್ಲಿ ಹೊಯ್ಸಳರ ಕಾಲದ ದೇಗುಲಗಳು ತಲೆಯೆತ್ತಿದ 13ನೆಯ ಶತಮಾನದಲ್ಲಿಯೇ, ಸುಮಾರು 1260ರ ವೇಳೆಗೆ, ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ೞ ಎಂಬ ಅಕ್ಷರವನ್ನೂ ಅದು ಬರುವ ಶಬ್ದಗಳನ್ನೂ ಬಹು ಶ್ರದ್ಧೆಯಿಂದ ನಿರೂಪಿಸಿದನು. ಜನರ ನಾಲಗೆಯಲ್ಲಿ ಆ ವೇಳೆಗಾಗಲೇ ಅದು ಸವೆಯುತ್ತಿದ್ದಿತು. ಮೞೆ ಮಳೆಯಾಯಿತು, ಬಾೞೆ ಬಾಳೆಯಾಯಿತು, ಏೞು ಏಳಾಯಿತು. ಆದರೂ ಪಂಪನ ಕಾವ್ಯವನ್ನಾಗಲಿ ನಮ್ಮ ಸೀಮೆಯ ಹಳೆಯ ಶಾಸನಗಳನ್ನಾಗಲಿ ಯಥಾವತ್ತಾಗಿ ಅಚ್ಚಿಗೆ ಇಳಿಸಬೇಕೆಂಬವರಿಗೆ ಅದಿಲ್ಲದೆ ನಡೆಯದು. ನಮ್ಮ ನೆರೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಜನಿಸಿ, ಕನ್ನಡ ವ್ಯಾಕರಣಕ್ಕಾಗಿ ದುಡಿದ ತೀ.ನಂ. ಶ್ರೀಕಂಠಯ್ಯನವರ ನೆನಪುಳ್ಳ ನಮಗೆ ಈ ಅಕ್ಷರದ ಮೇಲೆ ವಿಶೇಷವಾದ ಮಮತೆಯಿರುವುದು ಸಹಜವೇ.

ಈ ಅಕ್ಷರಕ್ಕೆ ಕಂಪ್ಯೂಟರಿನ ಲೋಕದಲ್ಲಿ ಒದಗಿದ ಗತಿ ವಿಚಿತ್ರವಾದುದು. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ, ಹೆಸರುಗಳನ್ನು ಗೊತ್ತುಮಾಡುವ ಯೂನಿಕೋಡ್ ಎಂಬ ವ್ಯವಸ್ಥೆಯು ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟು, ಅವುಗಳಲ್ಲಿ 3294 ಎಂಬ ಸಂಖ್ಯೆಯುಳ್ಳ ಸ್ಥಾನವನ್ನು ೞಕಾರಕ್ಕೆ ಕೊಟ್ಟಿತು. ಆದರೆ ಹೆಸರಿಡುವಾಗ ಪ್ರಮಾದ ಸಂಭವಿಸಿ, ‘ಕನ್ನಡ ಲೆಟರ್ ಎಫ್‌ಎ’ ಎಂದು, ಅಂದರೆ ‘ಕಾಫಿ’ ಎನ್ನುವಾಗ ಕೇಳಿಬರುವ ಫ಼ಕಾರವೆಂದು, ನಮೂದಾಯಿತು. ಆಕಾರ ಒಂದು, ಅಭಿಧಾನ ಬೇರೊಂದು! ತಿದ್ದಿಬಿಟ್ಟರೆ ಸರಿಹೋಗುತ್ತಿರಲಿಲ್ಲವೆ ಎಂದು ಯಾರಾದರೂ ಕೇಳುವರು. ನನಗೂ ಮೊದಲು ಹಾಗೆಯೇ ತೋರಿತ್ತು.

ಓಪನ್ ಸೋರ್ಸ್, ಎಂದರೆ ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶಗಳನ್ನು ಕಟ್ಟುವವರ ನಿತ್ಯದ ಧರ್ಮಸಂಕಟವೂ ಇದೇ: ತಪ್ಪೆಂದು ತಿಳಿದ ಹೆಸರನ್ನು ತಿದ್ದುವುದೋ, ಉಳಿಸುವುದೋ? ಒಂದು ತಂತ್ರಾಂಶವು ಇನ್ನೊಂದರಿಂದ ಕೆಲಸ ಪಡೆಯುವಾಗ ಬಳಸುವ ಹೆಸರುಗಳೂ ಕ್ರಮಗಳೂ ಕೂಡಿ ಇಂಟರ್ಫೇಸ್ ಎನಿಸುತ್ತವೆ. ಒಳಗಿನ ಕೊಳೆಯನ್ನು ತೊಳೆಯಬಹುದು. ಆದರೆ ಹೊರಗಿನವರು ನಂಬಿ ಕರೆಯುತ್ತಿರುವ ಹೆಸರನ್ನು, ಅದು ಅಪಶಬ್ದವೇ ಆಗಿದ್ದರೂ, ಅಳಿಸಿದೊಡನೆ ಎಲ್ಲಿಯೋ ಕಾಣದ ಊರಿನಲ್ಲಿ ಯಾರದೋ ಕೆಲಸ ನಿಂತುಹೋಗುತ್ತದೆ, ಮತ್ತು ಆ ಯಾರೋ ಎಂಬುವರು ಎಷ್ಟು ಮಂದಿ, ಎಲ್ಲೆಲ್ಲಿದ್ದಾರೆ ಎಂಬುದು ಬರೆದವನಿಗೆ ತಿಳಿಯುವ ಬಗೆಯೇ ಇಲ್ಲ. ಲಿನಕ್ಸ್ ಎಂಬ ಓಪನ್ ಸೋರ್ಸ್ ವ್ಯವಸ್ಥೆಯನ್ನು ಆರಂಭಿಸಿದ ಲೀನಸ್ ಟೋರ್ವಾಲ್ಡ್ಸ್ ಅದರ ಕರ್ನೆಲ್ಲಿನ, ಎಂದರೆ ತಿರುಳಿನ, ಒಳಗಣ ಏರ್ಪಾಟುಗಳನ್ನು ನಿಸ್ಸಂಕೋಚವಾಗಿ ಬದಲಿಸಗೊಟ್ಟರೂ, ಬಳಕೆದಾರರ ಪ್ರೋಗ್ರಾಮುಗಳನ್ನು ಮುರಿಯುವ ಬದಲಾವಣೆಯನ್ನು ಸಹಿಸದಿರುವುದು ಈ ವಿವೇಕದಿಂದಲೇ.

ನಮ್ಮ ತೋಟಗಳಲ್ಲಿ ಹಳೆಯ ತೆಂಗು ಇನ್ನೂ ಕಾಯಿ ಬಿಡುತ್ತಿರುವಾಗಲೇ ನಡುವಣ ತೆರಪಿನಲ್ಲಿ ಸಸಿ ನೆಟ್ಟು, ಅದು ಫಲಕ್ಕೆ ಬಂದ ಮೇಲೆ ಮುದಿಮರವನ್ನು ಕಡಿಯುವುದುಂಟು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯವರು ಹಿಡಿದದ್ದು ಹೆಚ್ಚುಕಡಮೆ ಈ ಮಾರ್ಗವನ್ನೇ. ಹಳೆಯ ದೋಷಗಳನ್ನು ಕಳೆದ ಮೂರನೆಯ ಆವೃತ್ತಿಯನ್ನು ಅವರು 2008ರ ಡಿಸೆಂಬರಿನಲ್ಲಿ ಹೊರತಂದರು. ಎರಡನೆಯದರ ಪೋಷಣೆಯನ್ನು 2015ಕ್ಕೆ ನಿಲ್ಲಿಸುವುದೆಂದಿದ್ದ ಅವರು, ಜನ ಇನ್ನೂ ಅದನ್ನೇ ನೆಚ್ಚಿಕೊಂಡಿರುವುದನ್ನು ಕಂಡು, ಗಡುವನ್ನು 2020ಕ್ಕೆ ಮುಂದೂಡಬೇಕಾಯಿತು. ತೆಂಗಿನ ಸಸಿಗೂ ಅಷ್ಟು ವರ್ಷ ಬೇಕಾಗದು. ಇಷ್ಟು ದೀರ್ಘವಾದ ತಾಳ್ಮೆಯನ್ನು ದೌರ್ಬಲ್ಯವೆನ್ನುವವರೂ ಇದ್ದಾರೆ. ನಾನು ಮಾತ್ರ ಅದನ್ನು ಪರರ ಶ್ರಮಕ್ಕೆ ಸಲ್ಲಿಸಿದ ಗೌರವವೆಂದೇ ಭಾವಿಸುತ್ತೇನೆ.

ಯೂನಿಕೋಡಿನವರಾದರೋ ಮರವನ್ನು ಕಡಿಯಲೇ ಇಲ್ಲ. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸಕೂಡದೆಂಬ ನಿಯಮವನ್ನು 1996ರ ಎರಡನೆಯ ಆವೃತ್ತಿಯಿಂದ ಪಾಲಿಸಿಕೊಂಡು ಬಂದ ಅವರು, ನಮ್ಮ ೞಕಾರದ ತಪ್ಪು ಹೆಸರನ್ನು ಇದ್ದಂತೆಯೇ ಉಳಿಸಿ, ಅದರ ಪಕ್ಕದಲ್ಲಿ ‘ಕನ್ನಡ ಲೆಟರ್ ಎಲ್‌ಎಲ್‌ಎಲ್‌ಎ’ ಎಂಬ ಶುದ್ಧ ನಾಮವನ್ನು ತಿದ್ದುಪಡಿಯೆಂದು ವಿಧಿವತ್ತಾಗಿ ದಾಖಲಿಸಿದರು. ನಿಜವಾದ ಫ಼ಕಾರವನ್ನು ಬರೆಯುವುದಕ್ಕೆ ಫಕಾರದ ಕೆಳಗೆ ಇಡುವ ನುಕ್ತವೆಂಬ ಚುಕ್ಕೆಯೂ 2003ರಲ್ಲಿ ಬಂದಿತು. ಪೈಥಾನ್ 3.3ರಿಂದೀಚೆಗೆ ಶುದ್ಧ ನಾಮವನ್ನು ಹೇಳಿ ಅಕ್ಷರವನ್ನು ಕೇಳಿದರೆ ೞ ದೊರೆಯುತ್ತದೆ. ಅಕ್ಷರವನ್ನು ತೋರಿಸಿ ಹೆಸರೇನೆಂದು ಕೇಳಿದರೆ, ಇಂದಿಗೂ ‘ಎಫ್‌ಎ’ ಎಂಬ ಉತ್ತರವೇ ಬರುತ್ತದೆ.