ಆದಿಲಕ್ಷ್ಮಿಯ ದನಿ ಗಣೇಶನಿಗೇಕೆ ತಿಳಿಯಲಿಲ್ಲ?

ಭಟ್ಕಳ, ಹೊನ್ನಾವರ, ಕುಮಟಾ ಕಡೆ ನಾಲ್ಕು ಜನ ಕೂತಲ್ಲಿ ‘ಗಣೇಶನ ಮದುವೆ’ಯ ಮಾತು ಬಂದರೆ ಒಂದು ತಕರಾರು ಏಳದೆ ಇರುವುದಿಲ್ಲ. ಬೆಳಗಾದರೆ ಮುಖಾಮುಖಿಯಾಗುವ, ಸಿಕ್ಕಲ್ಲೆಲ್ಲ ಜಗಳ ತೆಗೆಯುವ ಆದಿಲಕ್ಷ್ಮಿಯೇ ಶ್ರುತಿ ಎಂಬ ಹೆಸರಿನಲ್ಲಿ ರೇಡಿಯೊದಲ್ಲಿ ಹಾಡುತ್ತಾಳೆ. ಅದೇ ವಠಾರದ ಗಣೇಶ ಆ ಹಾಡಿಗೆ ಮನಸೋತು ಪತ್ರ ಬರೆಯುತ್ತಾನೆ. ದಿನಾ ಕೇಳುವ ದನಿ ಅವನಿಗೆ ಗುರುತು ಸಿಗಲಿಲ್ಲವೇ? ಮೊಬೈಲಿನಲ್ಲಿ ಈಗಷ್ಟೇ ನೋಡಿದ ಹುಡುಗರು ಇದನ್ನು ಕಥೆಯ ತೂತು ಅನ್ನುತ್ತಾರೆ. ಟಾಕೀಸಿನಲ್ಲಿ ನೋಡಿದ ಹಿರಿಯರು ಒಪ್ಪುವುದಿಲ್ಲ. ಸಿನಿಮಾದ ಸೊಗಸೆಲ್ಲ ಇರುವುದೇ ಅಲ್ಲಿ ಎನ್ನುತ್ತಾರೆ. ಈ ವಾದದಲ್ಲಿ ನಾನು ಹಿರಿಯರ ಪಕ್ಷ. ಅವರ ಕಣ್ಣು ಮತ್ತು ಕಿವಿ ಎಲ್ಲಿ ಪಳಗಿದವು ಎಂದು ಹುಡುಕಿಕೊಂಡು ಹೋದರೆ ದಾರಿ ಒಂದು ಕಡೆ ಹಾಲಿವುಡ್‌ಗೂ ಇನ್ನೊಂದು ಕಡೆ ಗುಣವಂತೆಗೂ ಹೋಗುತ್ತದೆ.

ಫಣಿ ರಾಮಚಂದ್ರ ನಿರ್ದೇಶಿಸಿದ ಈ ಚಿತ್ರ ಬಂದದ್ದು 1990ರಲ್ಲಿ. ಅನಂತನಾಗ್ ಗಣೇಶ, ವಿನಯಾ ಪ್ರಸಾದ್ ಆದಿಲಕ್ಷ್ಮಿ, ವಠಾರದ ಒಡೆಯ ರಮಣಮೂರ್ತಿಯಾಗಿ ಮುಖ್ಯಮಂತ್ರಿ ಚಂದ್ರು. ಸಂಗೀತ ರಾಜನ್-ನಾಗೇಂದ್ರ ಅವರದು. ಹೊಡೆದಾಟವಿಲ್ಲ, ಖಳನಾಯಕನಿಲ್ಲ. ಗಂಡು-ಹೆಣ್ಣಿನ ನಡುವಿನ ಕದನವೇ ಕಥೆ.

ಇಂಥ ಕದನದ ಸಿನಿಮಾಗಳಿಗೆ ಹಾಲಿವುಡ್‌ನಲ್ಲಿ ಸ್ಕ್ರೂಬಾಲ್ ಕಾಮಿಡಿ ಎಂಬ ಹೆಸರಿದೆ. 1934ರಲ್ಲಿ ಬಂದ ಫ್ರಾಂಕ್ ಕಾಪ್ರಾ ಅವರ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಅದಕ್ಕೆ ದಾರಿ ಹಾಕಿಕೊಟ್ಟಿತು. ಸಿರಿವಂತರ ಹಟಮಾರಿ ಮಗಳು, ಕೆಲಸ ಕಳೆದುಕೊಂಡ ಪತ್ರಕರ್ತ, ಒಂದು ಬಸ್ ಪ್ರಯಾಣ. ಚಿತ್ರ, ನಿರ್ದೇಶನ, ನಟ, ನಟಿ, ಚಿತ್ರಕಥೆ ಹೀಗೆ ಐದು ಮುಖ್ಯ ಆಸ್ಕರ್‌ಗಳನ್ನೂ ಅದು ಗೆದ್ದಿತು. ಅದೇ ವರ್ಷದ ಜುಲೈನಿಂದ ಅಮೆರಿಕದ ಚಿತ್ರೋದ್ಯಮ ತಾನೇ ಬರೆದುಕೊಂಡಿದ್ದ ನೀತಿ ಸಂಹಿತೆಯನ್ನು ಬಿಗಿಯಾಗಿ ಜಾರಿಗೆ ತಂದಿತು. ಸರಸವನ್ನು ತೆರೆಯ ಮೇಲೆ ಬಿಚ್ಚಿ ತೋರಿಸುವಂತಿಲ್ಲ ಎಂದಾಗ ಬರಹಗಾರರು ಅದನ್ನು ವಾಗ್ವಾದದಲ್ಲಿ ತುಂಬಿದರು. ಪ್ರೇಮಿಗಳು ಒಬ್ಬರನ್ನೊಬ್ಬರು ಮುಟ್ಟದೆ, ಮಾತಿನಲ್ಲೇ ಕುಟುಕುತ್ತ ಹತ್ತಿರವಾದರು. ಕಾಪ್ರಾ ಅವರ ಕಥೆ 1956ರಲ್ಲಿ ‘ಚೋರಿ ಚೋರಿ’ಯಾಗಿ ಹಿಂದಿಗೆ ಬಂತು, 2007ರಲ್ಲಿ ‘ಹುಡುಗಾಟ’ವಾಗಿ ಕನ್ನಡಕ್ಕೂ ಬಂತು.

ಗಣೇಶನಿಗೆ ಇನ್ನೂ ಹತ್ತಿರದ ನೆಂಟ 1940ರ ‘ದ ಶಾಪ್ ಅರೌಂಡ್ ದ ಕಾರ್ನರ್’. ಹಂಗೇರಿಯ ಮಿಕ್ಲೋಶ್ ಲಾಸ್ಲೊ ಬರೆದ ನಾಟಕವನ್ನು ಎರ್ನ್ಸ್ಟ್ ಲುಬಿಟ್ಷ್ ಸಿನಿಮಾ ಮಾಡಿದ್ದು. ಬುಡಾಪೆಸ್ಟ್‌ನ ಒಂದೇ ಅಂಗಡಿಯ ಇಬ್ಬರು ನೌಕರರು ಹಗಲೆಲ್ಲ ಕಚ್ಚಾಡುತ್ತಾರೆ. ಹೆಸರು ತಿಳಿಯದೆ ಪತ್ರ ಬರೆದುಕೊಂಡು ಪ್ರೀತಿಸುತ್ತಿರುವುದೂ ಇವರಿಬ್ಬರೇ. ಅಂಗಡಿಯ ಜಾಗದಲ್ಲಿ ವಠಾರವನ್ನಿಟ್ಟು, ಒಂದು ರೇಡಿಯೊ ಸೇರಿಸಿದರೆ ನಾವು ಬಲ್ಲ ಜೋಡಿ ಕಣ್ಣಮುಂದೆ ಬರುತ್ತದೆ. ಆ ರೇಡಿಯೊ ಸಣ್ಣ ಸೇರ್ಪಡೆಯಲ್ಲ. ಬುಡಾಪೆಸ್ಟಿನ ಜೋಡಿಗೆ ಕಾಗದ ಮಾತ್ರ ಇತ್ತು, ದನಿ ಇರಲಿಲ್ಲ. ಅದರಿಂದಾಗಿಯೇ ನಮ್ಮ ಹುಡುಗರ ತಕರಾರು ಅಲ್ಲಿ ಹುಟ್ಟುವುದಿಲ್ಲ, ಇಲ್ಲಿ ಹುಟ್ಟುತ್ತದೆ.

ಈ ತಕರಾರಿಗೆ ಕರಾವಳಿ ಬಹಳ ಹಿಂದೆಯೇ ಉತ್ತರ ಕಂಡುಕೊಂಡಿತ್ತು. ಅದೇ 1934ರಲ್ಲಿ ಹೊನ್ನಾವರ ತಾಲ್ಲೂಕಿನ ಗುಣವಂತೆಯ ಕೆರೆಮನೆಯಲ್ಲಿ ಶಿವರಾಮ ಹೆಗಡೆಯವರು ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದರು. ಆಟ ನೋಡುತ್ತ ಬೆಳೆದ ಈ ಸೀಮೆಯ ಜನಕ್ಕೆ ವೇಷ ಮರೆಸಿಕೊಳ್ಳುವುದು ಹೊಸತಲ್ಲ. ‘ಚಂದ್ರಾವಳಿ ವಿಲಾಸ’ ಪ್ರಸಂಗದಲ್ಲಿ ಕೃಷ್ಣ ಹೆಣ್ಣಿನ ವೇಷದಲ್ಲಿ ಚಂದಗೋಪನ ಮನೆಗೆ ಬರುತ್ತಾನೆ. ಬಂದವನು ಯಾರೆಂದು ರಂಗದ ಮುಂದೆ ಚಾಪೆ ಹಾಸಿ ಕೂತ ಮಗುವಿಗೂ ಗೊತ್ತು, ಚಂದಗೋಪನಿಗೆ ಮಾತ್ರ ಗೊತ್ತಿಲ್ಲ. ಅವನಿಗೇಕೆ ಗೊತ್ತಾಗುವುದಿಲ್ಲ ಎಂದು ಯಾರೂ ಕೇಳುವುದಿಲ್ಲ. ಗೊತ್ತಿಲ್ಲದವನ ಬಾಯಿಂದ ಇನ್ನೇನು ಬರುತ್ತದೋ ಎಂದು ಕಾಯುತ್ತಾರೆ. ಪಾರಿಜಾತದ ಕಥೆಯಲ್ಲಿ ಸತ್ಯಭಾಮೆ ಮುನಿಸಿಕೊಂಡಾಗಲೂ ಹೀಗೆಯೇ. ಅವಳು ಒಲಿಯುತ್ತಾಳೆಂಬುದು ಎಲ್ಲರಿಗೂ ತಿಳಿದ ಸಂಗತಿ. ಒಲಿಯುವ ಮುಂಚೆ ಕೃಷ್ಣನಿಗೆ ಎಷ್ಟು ಅಂದಾಳು ಎಂಬುದಕ್ಕೇ ಜನ ಕಿವಿಗೊಡುವುದು. ಭಾಗವತರು ಪದ್ಯ ಮುಗಿಸಿದ ಮೇಲೆ ವೇಷಧಾರಿಗಳು ಬರೆದುಕೊಳ್ಳದೆ, ಆ ಹೊತ್ತಿಗೆ ಹೊಳೆದಂತೆ ಅರ್ಥ ಹೇಳುತ್ತಾರೆ. ತಾಳಮದ್ದಲೆಯಲ್ಲಂತೂ ವೇಷವೂ ಇಲ್ಲ, ಕುಣಿತವೂ ಇಲ್ಲ, ವಾದವೊಂದೇ. ಆಟದಲ್ಲಿ ಮೂರೂರಿನ ರಮೇಶ ಭಂಡಾರಿ, ಕಾಸರಕೋಡಿನ ಶ್ರೀಧರ ಭಟ್ಟರಂಥ ಹಾಸ್ಯಗಾರರು ಬರುವರೆಂದರೆ ತೂಕಡಿಸುತ್ತಿದ್ದವರೂ ಎದ್ದು ಕೂರುತ್ತಾರೆ. ಹೀಗೆ ಪಳಗಿದ ಪ್ರೇಕ್ಷಕ ಗಣೇಶ-ಆದಿಲಕ್ಷ್ಮಿಯರನ್ನು ಕಂಡರೆ ಕಥೆಯ ಸಾಧ್ಯಾಸಾಧ್ಯತೆ ಲೆಕ್ಕ ಹಾಕುತ್ತ ಕೂರುವನೇ? ಯಾರ ಮಾತು ಗೆದ್ದಿತು ಎಂದು ನೋಡುತ್ತಾನೆ.

ಗಣೇಶನ ಪಾತ್ರ ಮಾಡಿದವರೂ ಈ ನೆಲದ ನಂಟಿನವರೇ. ಅನಂತನಾಗ್ ಹುಟ್ಟಿದ್ದು 1948ರಲ್ಲಿ, ಮುಂಬೈಯಲ್ಲಿ. ಬಾಲ್ಯ ಕಳೆದದ್ದು ಕಾಞಂಗಾಡಿನ ಆನಂದಾಶ್ರಮದಲ್ಲಿ, ಆಮೇಲೆ ಭಟ್ಕಳ ತಾಲ್ಲೂಕಿನ ಶಿರಾಲಿಯ ಚಿತ್ರಾಪುರ ಮಠದಲ್ಲಿ. ತಮ್ಮ ಶಂಕರನಾಗ್ 1954ರಲ್ಲಿ ಹುಟ್ಟಿದ್ದು ಹೊನ್ನಾವರದ ಮಲ್ಲಾಪುರದಲ್ಲಿ. ಮನೆಮಾತು ಕೊಂಕಣಿ, ಸುತ್ತಲಿನದು ಕನ್ನಡ, ಮುಂಬೈಗೆ ಹೋದ ಮೇಲೆ ಮರಾಠಿ ಮತ್ತು ಹಿಂದಿ. ಅಲ್ಲಿನ ರಂಗಭೂಮಿಯಲ್ಲಿ ಪಳಗಿದ ಅನಂತನಾಗ್ 1973ರ ‘ಸಂಕಲ್ಪ’, ಮರುವರ್ಷದ ‘ಅಂಕುರ್’, 1975ರ ‘ಹಂಸಗೀತೆ’ಗಳಲ್ಲಿ ಗಂಭೀರ ನಟನೆಂದೇ ಹೆಸರಾದರು. ‘ನಾರದ ವಿಜಯ’ (1980), ‘ಹಾಸ್ಯರತ್ನ ರಾಮಕೃಷ್ಣ’ (1982) ಬಂದ ಮೇಲೆ ಅವರ ಹಾಸ್ಯದ ಬನಿ ಎಂಥದೆಂದು ಜನಕ್ಕೆ ತಿಳಿಯಿತು. ಅವರು ನಗಿಸಲೆಂದು ಮುಖ ಸೊಟ್ಟ ಮಾಡುವವರಲ್ಲ. ಎದುರಿಗಿದ್ದವರ ಮಾತು ಮುಗಿಯುವ ಮುನ್ನವೇ ಕಣ್ಣಲ್ಲಿ ಉತ್ತರ ಸಿದ್ಧವಾಗಿರುತ್ತದೆ, ನಾಲಿಗೆಗೆ ಬರುವುದು ಆಮೇಲೆ. ಹಲವು ಭಾಷೆಗಳ ನಡುವೆ ಬೆಳೆದವರಿಗೆ ಮಾತಿನ ಲಯ ಹೀಗೆ ಬೇಗ ಹಿಡಿತಕ್ಕೆ ಸಿಗುತ್ತದೆ ಎಂದು ನಾನು ನಂಬಿದ್ದೇನೆ. ಅವರಿಗೆ ಎದುರಾಳಿಯಾದ ವಿನಯಾ ಪ್ರಸಾದ್ ಕೂಡ ಕರಾವಳಿಯವರೇ, ಉಡುಪಿಯವರು.

ನೋಡಿದವರ ಅಭಿಪ್ರಾಯ ಇಷ್ಟು ವರ್ಷ ಒಂದೇ ಕಡೆ ನಿಂತಿಲ್ಲ. ಮೊದಲಿಗೆ ಜನ ಆಡಿದ್ದೆಲ್ಲ ಗಣೇಶನ ತರಲೆಗಳ, ರಮಣಮೂರ್ತಿಯ ಪೇಚಾಟದ ಮಾತು. ಖಾಸಗಿ ವಾಹಿನಿಗಳು ಬಂದ ಮೇಲೆ ಹಬ್ಬದ ದಿನ, ರಜೆಯ ದಿನ ಎನ್ನದೆ ಮತ್ತೆ ಮತ್ತೆ ಕಂಡು ಸಂಭಾಷಣೆ ಬಾಯಿಪಾಠವಾಯಿತು. ಆಗ ಕಣ್ಣು ಆದಿಲಕ್ಷ್ಮಿಯತ್ತ ತಿರುಗಿತು. ಗಯ್ಯಾಳಿ ಎನಿಸಿಕೊಂಡಿದ್ದವಳು ತನ್ನ ದುಡಿಮೆ, ತನ್ನ ಹಾಡು, ತನ್ನ ಕೋಪ ಇರುವ ಹೆಣ್ಣಾಗಿ ಕಾಣತೊಡಗಿದಳು. ಹೆಂಗಸರು ಕೇಳುವ ಒಂದು ಪ್ರಶ್ನೆ ನನಗೆ ಬಹಳ ಸರಿ ಕಾಣುತ್ತದೆ: ಹಾಡುವ ಶ್ರುತಿ ಬೇಕು ಎನ್ನುವವನಿಗೆ ಜಗಳವಾಡುವ ಆದಿಲಕ್ಷ್ಮಿ ಯಾಕೆ ಬೇಡ?

ದನಿಯ ತಕರಾರಿಗೂ ಉತ್ತರ ಈ ಪ್ರಶ್ನೆಯೊಳಗಿದೆ. ಗಣೇಶ ರೇಡಿಯೊ ಮುಂದೆ ಕೂತಾಗ ಕೇಳಿಸಿಕೊಳ್ಳುತ್ತಾನೆ. ಆದಿಲಕ್ಷ್ಮಿಯ ಮುಂದೆ ನಿಂತಾಗ ಮರುಮಾತಿಗಷ್ಟೇ ಕಾಯುತ್ತಾನೆ. ಎದುರಿಗಿರುವವಳ ದನಿಯನ್ನು ಅವನು ಒಮ್ಮೆಯೂ ಗಮನವಿಟ್ಟು ಕೇಳಿಯೇ ಇಲ್ಲ, ಮತ್ತೆ ಗುರುತು ಸಿಗುವುದು ಹೇಗೆ? ಶ್ರುತಿಯನ್ನು ಪಡೆಯಬೇಕಾದರೆ ಅವನು ಆದಿಲಕ್ಷ್ಮಿಯನ್ನೂ ಒಪ್ಪಲೇಬೇಕು, ಬೇರೆ ದಾರಿಯನ್ನು ಕಥೆ ಅವನಿಗೆ ಬಿಟ್ಟಿಲ್ಲ. ಮರುವರ್ಷ ಇದೇ ನಿರ್ದೇಶಕರು ಇದೇ ಜೋಡಿಯನ್ನಿಟ್ಟುಕೊಂಡು ‘ಗೌರಿ ಗಣೇಶ’ ಮಾಡಿದರು. ಅದೂ ಜನ ಮೆಚ್ಚಿದ ಒಳ್ಳೆಯ ಚಿತ್ರವೇ. ಆದರೆ ಅಲ್ಲಿ ಹೆಣೆದಿರುವುದು ಸಂಚಿನ ಕಥೆ. ಇಲ್ಲಿನಂತೆ ಗಂಡಿನಷ್ಟೇ ಮಾತು ಹೆಣ್ಣಿಗೂ ಕೊಟ್ಟು, ಇಬ್ಬರನ್ನೂ ಸಮಸಮ ಕಣಕ್ಕಿಳಿಸಿದ ಜಗಳ ಅದರಲ್ಲಿಲ್ಲ.