ಲಾರಿ ಹೊರಡುವ ಮೊದಲು

ಊರಿಂದೂರಿಗೆ ಓಡುವ ಪಾರ್ಸೆಲ್ ಲಾರಿಯನ್ನು ನಾವೆಲ್ಲ ದಿನವೂ ಕಾಣುತ್ತೇವೆ. ಆದರೆ ಪಾರ್ಸೆಲು ಹೊತ್ತಿಗೆ ಸರಿಯಾಗಿ ಕೈಸೇರುವುದೂ ಸೇರದಿರುವುದೂ ಬಹುಮಟ್ಟಿಗೆ ಗೋದಾಮಿನಲ್ಲೇ ತೀರ್ಮಾನವಾಗಿರುತ್ತದೆ.

ಮೊದಲನೆಯದು ದಾರಿಯ ಲೆಕ್ಕ. ಹತ್ತು ಕಡೆಗೆ ಸಾಮಾನು ಮುಟ್ಟಿಸಬೇಕಾದರೆ 36,28,800 ಬಗೆಯ ಸರದಿಯಲ್ಲಿ ಸುತ್ತಬಹುದು. ಹದಿನೈದು ಕಡೆಯಾದರೆ ಈ ಸಂಖ್ಯೆ 1,30,000 ಕೋಟಿಯನ್ನೂ ಮೀರುತ್ತದೆ! ಒಂದೊಂದನ್ನೇ ಅಳೆದು ನೋಡುವುದು ಯಾರಿಂದ ಸಾಧ್ಯ? 1959ರಲ್ಲಿ ಜಾರ್ಜ್ ಡಾಂಟ್ಸಿಗ್ ಮತ್ತು ಜಾನ್ ರಾಮ್ಸರ್ ಅವರು ಪೆಟ್ರೋಲು ಟ್ಯಾಂಕರುಗಳ ಸರಬರಾಜನ್ನು ಮುಂದಿಟ್ಟುಕೊಂಡು ಈ ಸಮಸ್ಯೆಯನ್ನು ಗಣಿತದ ಚೌಕಟ್ಟಿಗೆ ತಂದರು. 1964ರಲ್ಲಿ ಕ್ಲಾರ್ಕ್ ಮತ್ತು ರೈಟ್ ಎಂಬವರು ಸುಲಭೋಪಾಯವೊಂದನ್ನು ಸೂಚಿಸಿದರು.

ಅದನ್ನು ನಮ್ಮೂರಿನ ರಸ್ತೆಯಲ್ಲೇ ನೋಡೋಣ. ಕಾಸರಗೋಡಿನಿಂದ ಕುಂಬಳೆಗೆ ಹೋಗಿ ಬಂದು, ಮತ್ತೆ ಬದಿಯಡ್ಕಕ್ಕೆ ಹೋಗಿ ಬಂದರೆ ನಾಲ್ಕು ಓಟ. ಕುಂಬಳೆಯಿಂದ ನೇರವಾಗಿ ಬದಿಯಡ್ಕಕ್ಕೆ ಹೋಗಿ ಹಿಂತಿರುಗಿದರೆ ಮೂರೇ. ಹೀಗೆ ಹೆಚ್ಚು ಉಳಿತಾಯ ಕೊಡುವ ಊರುಗಳನ್ನು ಮೊದಲು ಜೋಡಿಸುತ್ತ ಹೋಗುವುದೇ ಆ ಉಪಾಯ. ಎಲ್ಲಕ್ಕಿಂತ ಉತ್ತಮವಾದ ದಾರಿಯೇ ಸಿಗುತ್ತದೆಂಬ ಭರವಸೆಯಿಲ್ಲ. ಸಾಕಷ್ಟು ಒಳ್ಳೆಯ ದಾರಿ ಬೇಗನೆ ಸಿಗುತ್ತದೆ.

ದೂರವೊಂದನ್ನೇ ನೋಡಿದರೂ ಸಾಲದು. ರಸ್ತೆಯ ಬಲಬದಿಯಲ್ಲಿ ವಾಹನ ಓಡಿಸುವ ಅಮೆರಿಕದಲ್ಲಿ ಯುಪಿಎಸ್ ಎಂಬ ಪಾರ್ಸೆಲ್ ಸಂಸ್ಥೆ ಸಾಧ್ಯವಾದಷ್ಟು ಎಡತಿರುವುಗಳನ್ನು ತಪ್ಪಿಸುತ್ತದೆ. ಎದುರಿನ ವಾಹನಗಳಿಗಾಗಿ ಕಾದು ನಿಂತಷ್ಟು ಹೊತ್ತೂ ಇಂಧನ ಉರಿಯುತ್ತದೆಯಷ್ಟೆ. ಎಡಬದಿಯಲ್ಲಿ ಓಡಿಸುವ ನಮಗೆ ಆ ಕಾಯುವಿಕೆ ಬಲತಿರುವಿನಲ್ಲಿ.

ಎರಡನೆಯದು ಹೇರುವ ಲೆಕ್ಕ. ಹಿಂಬದಿಯಲ್ಲಿ ಮಾತ್ರ ಬಾಗಿಲಿರುವ ಲಾರಿಯಲ್ಲಿ ಕೊನೆಗೆ ಇಳಿಸುವುದನ್ನು ಮೊದಲು ಹೇರಬೇಕು. ಹಾಗೆಯೇ ಭಾರದ್ದು ಅಡಿಯಲ್ಲಿರಬೇಕು, ಗಾಜು ಮೇಲಿರಬೇಕು, ತೂಕ ಎರಡೂ ಬದಿಗೆ ಸಮನಾಗಿರಬೇಕು. ಇಲ್ಲವಾದರೆ ತಿರುವಿನಲ್ಲಿ ಲಾರಿ ವಾಲುತ್ತದೆ. ಈ ನಿಯಮಗಳು ಒಂದಕ್ಕೊಂದು ಹೊಂದುವುದೇ ಅಪರೂಪ. ಕುಂಬಳೆಯಲ್ಲಿ ಇಳಿಯಬೇಕಾದ ಕಬ್ಬಿಣದ ಪೆಟ್ಟಿಗೆಯ ಮೇಲೆ ಬದಿಯಡ್ಕದ ಗಾಜಿನ ಸಾಮಾನು ಕುಳಿತಿದ್ದರೆ ಏನು ಮಾಡುವುದು? ರಸ್ತೆ ಬದಿಯಲ್ಲಿ ಎಲ್ಲವನ್ನೂ ಇಳಿಸಿ ಮತ್ತೆ ಹೇರಬೇಕು. ಈ ಎರಡನೆಯ ದುಡಿಮೆ ಬಿಲ್ಲಿನಲ್ಲಿ ಕಾಣಿಸುವುದಿಲ್ಲ. ಹೊರುವವನ ಸೊಂಟಕ್ಕೆ ಗೊತ್ತು.

ಆದುದರಿಂದ ದಾರಿಯ ಪಟ್ಟಿ ಚಾಲಕನಿಗಿಂತ ಮೊದಲು ಹೇರುವವನ ಕೈಸೇರಬೇಕು. ಇಂದು ಪಟ್ಟಿಯನ್ನು ಗಣಕಯಂತ್ರವೇ ಬರೆದುಕೊಡುತ್ತದೆ, ನಿಜ. ಆದರೆ ಯಾವ ಅಂಗಡಿ ಮಧ್ಯಾಹ್ನ ಮುಚ್ಚಿರುತ್ತದೆ, ಆಟಿಯ ಮಳೆಗೆ ಯಾವ ಒಳದಾರಿ ಕೆಡುತ್ತದೆ ಎಂಬುದನ್ನು ಯಾರಾದರೂ ಹೇಳಿಕೊಡದೆ ಅದಕ್ಕೆ ತಿಳಿಯದು. ಚಾಲಕನನ್ನೂ ಹೊರುವವನನ್ನೂ ಒಂದು ಮಾತು ಕೇಳಿ ಪಟ್ಟಿ ತಯಾರಿಸುವ ವ್ಯಾಪಾರಿಗೆ ಡೀಸೆಲು ಉಳಿದೀತು, ಆಳುಗಳೂ ಹೊತ್ತಿಗೆ ಸರಿಯಾಗಿ ಮನೆ ಸೇರಿಯಾರು.