ಹುತ್ತದ ಅಣಬೆಗಳು: ಎರಡು ಸೋದರ ಜಾತಿಗಳು

ಮುಂಗಾರು ಮಳೆ ಬಿದ್ದು ನೆಲ ತಣಿದ ಮೇಲೆ ನಮ್ಮ ನಂಜನಗೂಡು, ತಿರುಮಕೂಡಲು ನರಸೀಪುರದ ಕಡೆ ಹುತ್ತದ ಅಣಬೆಯ ಮಾತು ಕೇಳಿಬರುತ್ತದೆ. ಗುಡುಗಿಗೆ ಅಣಬೆ ಹುಟ್ಟುತ್ತದೆಂಬುದು ಹಿರಿಯರ ನಂಬಿಕೆ. ವಾಸ್ತವವಾಗಿ ಅದು ಗೆದ್ದಲುಗಳ ಕೃಷಿಯ ಫಲ. ನಾಗರಪಂಚಮಿಯಂದು ನಾವು ಹಾಲೆರೆಯುವ ಹುತ್ತದೊಳಗೆ ಗೆದ್ದಲುಗಳು ತರಗೆಲೆ, ಒಣಕಡ್ಡಿಗಳನ್ನು ಅರಗಿಸಿ, ರಂಧ್ರಮಯವಾದ ಹಾಸುಗಳನ್ನು ಕಟ್ಟಿ, ಅವುಗಳ ಮೇಲೆ ಶಿಲೀಂಧ್ರವನ್ನು ಬೆಳೆಸಿ ಉಣ್ಣುತ್ತವೆ. ಈ ಶಿಲೀಂಧ್ರಗಳ ಕುಲಕ್ಕೆ ಫ್ರೆಂಚ್ ವಿಜ್ಞಾನಿ ರೋಜರ್ ಹೈಮ್ 1942ರಲ್ಲಿ 'ಟರ್ಮಿಟೊಮೈಸಿಸ್' ಎಂದು ಹೆಸರಿಟ್ಟರು.

ದಕ್ಷಿಣ ಭಾರತದಲ್ಲಿ ಕಾಣಸಿಗುವ ಈ ಕುಲದ ಎರಡು ಜಾತಿಗಳನ್ನು ಹೋಲಿಸಿ ನೋಡುವುದು ಉಪಯುಕ್ತ. ಮೊದಲನೆಯದು 'ಹೈಮಿಯೈ'. ಕೆ. ನಟರಾಜನ್ ಅವರು 1979ರಲ್ಲಿ ಇದನ್ನು ವರ್ಣಿಸಿ, ಹೈಮ್ ಅವರ ಹೆಸರನ್ನೇ ಇಟ್ಟರು. ಇದರ ಕೊಡೆ ಅಂಗೈಯಗಲ ಬೆಳೆಯಬಲ್ಲದು, ಕಾಂಡದಲ್ಲಿ ಉಂಗುರವಿರುತ್ತದೆ, ಕಾಂಡದ ಬುಡ ಬೇರಿನಂತೆ ನೀಳವಾಗಿ ಇಳಿದು ನೆಲದೊಳಗಿನ ಹಾಸನ್ನು ಮುಟ್ಟುತ್ತದೆ. ಎರಡನೆಯದು 'ಮೈಕ್ರೋಕಾರ್ಪಸ್'. ಇದರ ಕೊಡೆ ಸುಮಾರು 1ರಿಂದ 2 ಸೆಂಟಿಮೀಟರ್ ಮಾತ್ರ. ಉಂಗುರವಿಲ್ಲ, ನೀಳವಾದ ಬೇರೂ ಇಲ್ಲ. ಗೆದ್ದಲುಗಳು ಹಾಸಿನ ಚೂರುಗಳನ್ನು ಹೊರತಂದು ನೆಲದ ಮೇಲೆ ಹರಡಿದಾಗ, ಅವುಗಳಿಂದಲೇ ನೂರಾರು ಪುಟ್ಟ ಅಣಬೆಗಳು ಒಮ್ಮೆಲೇ ಏಳುತ್ತವೆ. ಕುಲ ಒಂದೇ, ಹುಟ್ಟುವ ಬಗೆ ಮಾತ್ರ ಬೇರೆ. ಎರಡೂ ತಿನ್ನಲು ಯೋಗ್ಯ. ಎರಡರ ಬೀಜಕಣಗಳೂ ನಸುಗುಲಾಬಿ ಬಣ್ಣದವು.

ಈ ವಿವರಗಳನ್ನು ಅರಿಯುವ ಅಗತ್ಯವೇನೆಂದು ಕೇಳಬಹುದು. ಹುಲ್ಲುಗಾವಲು, ಆಟದ ಮೈದಾನಗಳಲ್ಲಿ ಬೆಳೆಯುವ 'ಕ್ಲೋರೊಫಿಲ್ಲಮ್ ಮಾಲಿಬ್ಡೈಟಿಸ್' ಎಂಬ ವಿಷದ ಅಣಬೆಯೂ ಬೆಳ್ಳಗೆ, ದೊಡ್ಡದಾಗಿ, ಉಂಗುರಸಹಿತವಾಗಿ ಕಾಣುತ್ತದೆ. ತಿಂದ ಕೆಲವೇ ಗಂಟೆಗಳಲ್ಲಿ ತೀವ್ರವಾದ ವಾಂತಿಭೇದಿ ಉಂಟಾಗುತ್ತದೆ. ಆದರೆ ಇದಕ್ಕೆ ಹುತ್ತದ ಹಾಸಿಗಿಳಿಯುವ ಬೇರಿಲ್ಲ. ಇದರ ಬೀಜಕಣ ಹಸಿರು. ಎಳೆಯದರಲ್ಲಿ ಕೊಡೆಯಡಿಯ ಪದರಗಳು ಬಿಳಿಯಾಗಿಯೇ ಇರುವುದರಿಂದ ಕಣ್ಣು ಮೋಸಹೋಗುತ್ತದೆ. ಬೆಳ್ಳಿ ನಾಣ್ಯ ಕಪ್ಪಾಗುವುದನ್ನು ನೋಡುವ ಪರೀಕ್ಷೆಯನ್ನು ನಂಬಲಾಗದು.

ಬಲಿತ ಅಣಬೆಯ ಕೊಡೆಯನ್ನು ಬಿಳಿ ಕಾಗದದ ಮೇಲೆ ಬೋರಲಾಗಿಟ್ಟು, ರಾತ್ರಿಯಿಡೀ ಬಟ್ಟಲು ಮುಚ್ಚಿಟ್ಟರೆ ಬೆಳಗ್ಗೆ ಬೀಜಕಣದ ಬಣ್ಣ ಕಾಣುತ್ತದೆ. ಉಪಾಧ್ಯಾಯ ಬಂಧುಗಳು ಇದನ್ನು ತರಗತಿಯಲ್ಲಿ ಮಾಡಿ ತೋರಿಸಬಹುದು. ಬಳಿಕ ಮಕ್ಕಳು ಕೈ ತೊಳೆಯಬೇಕು. ಗುಲಾಬಿ ಬಣ್ಣ ಬಂದ ಮಾತ್ರಕ್ಕೆ ಯಾವ ಅಣಬೆಯನ್ನೂ ತಿನ್ನಬಾರದೆಂಬುದನ್ನೂ ಮಕ್ಕಳಿಗೆ ಮನಗಾಣಿಸಬೇಕು. ಸಂದೇಹವಿದ್ದಲ್ಲಿ ತ್ಯಜಿಸುವುದೇ ಜಾಣತನ.

ಹುತ್ತವನ್ನು ಅಗೆದು ಕೆಡವಿದರೆ ಗೆದ್ದಲಿನ ತೋಟವೂ ಅಣಬೆಯೂ ಅಳಿಯುತ್ತವೆ. ನೆಲದೊಳಗೆ ಸದ್ದಿಲ್ಲದೆ ಕಾಯಕ ಮಾಡಿ, ಮಳೆಗಾಲದಲ್ಲಿ ನಮಗೂ ದಾಸೋಹ ನಡೆಸುವ ಈ ಕಿರುಜೀವಿಗಳಿಗೆ ಹೊಲದ ಬದುವಿನಲ್ಲಿ ಇಷ್ಟು ಎಡೆ ಉಳಿಸುವುದು ನಮ್ಮ ಕರ್ತವ್ಯ.